ಅರ್ಧ ಗಂಟೆಯ ಮೌನ

ಅಕ್ಕನ ಮಗ ನ್ಯೂಜೆರ್ಸಿಯಿಂದ ರಜೆಗೆ ಹೊರಡುವ ಮುಂಚೆ ಫೋನ್ ಮಾಡಿ, "ಮಾಮಾ, ನಿಮಗೇನು ತರಲಿ?" ಅಂತ ಕೇಳಿದ. ನಾನು ಒಂದು ಹಳೆಯ ಕಪ್ಪು-ಬಿಳುಪು ಫ್ರೆಂಚ್ ಸಿನಿಮಾದ ಡಿಸ್ಕ್ ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಯಾವುದರ ಬಗ್ಗೆ ಮಾಮಾ ಸಿನಿಮಾ?" ಅಂದ. "ಆಭರಣದ ಅಂಗಡಿಗೆ ಕನ್ನ ಹಾಕೋದು," ಅಂದೆ. "ರಿಟೈರ್ ಆದಮೇಲೆ ಪ್ಲಾನ್ ಏನಾದರೂ ಇದೆಯಾ?" ಅಂತ ನಕ್ಕ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿದ್ದು, ಅದರಲ್ಲಿ ಎಷ್ಟೋ ವರ್ಷ ಸ್ಟ್ರಾಂಗ್‌ರೂಮಿನ ಬೀಗದ ಕೈ ಹಿಡಿದವನಿಗೆ ಕನ್ನದ ಸಿನಿಮಾ ಇಷ್ಟವಾದರೆ ಜನ ನಗುವುದು ಸಹಜವೇ. ಆದರೆ ಇವತ್ತು ಬರೆಯಹೊರಟಿರುವುದು ಕನ್ನದ ಬಗ್ಗೆ ಅಲ್ಲ. ಒಬ್ಬ ಮನುಷ್ಯನ ಹೆಸರನ್ನು ಅಳಿಸಲು ಹೊರಟವರ ಬಗ್ಗೆ, ಆ ಹೆಸರು ಉಳಿದ ಬಗೆಯ ಬಗ್ಗೆ.

ಸಿನಿಮಾದ ಹೆಸರು 'ರಿಫಿಫಿ'. 1955ರದ್ದು. ಪ್ಯಾರಿಸ್ಸಿನ ಕಳ್ಳಸಂತೆಯ ಮಾತಿನಲ್ಲಿ ರಿಫಿಫಿ ಅಂದರೆ ಗಲಾಟೆ, ಹೊಡೆದಾಟ. ನಿರ್ದೇಶಕ ಜೂಲ್ಸ್ ಡಾಸಿನ್. ಹೆಸರು ಕೇಳಿದರೆ ಫ್ರೆಂಚಿನವನೇ ಅನ್ನಿಸುತ್ತದೆ. ನಾನೂ ಬಹಳ ಕಾಲ ಹಾಗೇ ತಿಳಿದಿದ್ದೆ. ಅಲ್ಲ! ಆತ ಅಪ್ಪಟ ಅಮೆರಿಕದವನು. 1911ರಲ್ಲಿ ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್ ಎಂಬ ಊರಿನಲ್ಲಿ ಹುಟ್ಟಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬೆಳೆದವನು. ಅಪ್ಪ ರಷ್ಯಾದಿಂದ ವಲಸೆ ಬಂದ ಯಹೂದಿ, ಕ್ಷೌರಿಕ. ಹುಡುಗ ಯಿದ್ದಿಷ್ ಭಾಷೆಯ ನಾಟಕಗಳಲ್ಲಿ ಪಾತ್ರ ಮಾಡುತ್ತಾ ಮೇಲೆ ಬಂದ. ವಲಸಿಗರ ಭಾಷೆ, ವಲಸಿಗರ ನಾಟಕ, ವಲಸಿಗರ ಬಡತನ. ಮಾಟುಂಗದ ಸಭಾಂಗಣಗಳಲ್ಲಿ ಕನ್ನಡ ನಾಟಕ ನೋಡಿ ಬೆಳೆದ ನಮ್ಮ ಮುಂಬಯಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದಲ್ಲಿ ಆರ್ಥಿಕ ಮುಗ್ಗಟ್ಟು ತೀವ್ರವಾಗಿದ್ದ 1930ರ ದಶಕದಲ್ಲಿ ಡಾಸಿನ್ ಕಮ್ಯುನಿಸ್ಟ್ ಪಕ್ಷ ಸೇರಿದ್ದ. 1939ರಲ್ಲಿ ಸ್ಟಾಲಿನ್ ಹೋಗಿ ಹಿಟ್ಲರನ ಜೊತೆ ಒಪ್ಪಂದ ಮಾಡಿಕೊಂಡಾಗ ಪಕ್ಷ ಬಿಟ್ಟ. ಅಲ್ಲಿಗೆ ಮುಗಿಯಬೇಕಿತ್ತು. ಆಮೇಲೆ ಹಾಲಿವುಡ್ಡಿನಲ್ಲಿ ಒಂದರ ಹಿಂದೆ ಒಂದು ಒಳ್ಳೆಯ ಚಿತ್ರ ಮಾಡಿದ. 1947ರಲ್ಲಿ 'ಬ್ರೂಟ್ ಫೋರ್ಸ್', 1948ರಲ್ಲಿ 'ದಿ ನೇಕೆಡ್ ಸಿಟಿ', 1949ರಲ್ಲಿ 'ಥೀವ್ಸ್ ಹೈವೇ'. ಸ್ಟುಡಿಯೋ ಬಿಟ್ಟು ನ್ಯೂಯಾರ್ಕಿನ ಬೀದಿಗಳಿಗೇ ಕ್ಯಾಮೆರಾ ಇಳಿಸಿ ತೆಗೆದದ್ದು 'ನೇಕೆಡ್ ಸಿಟಿ'.

ಆದರೆ ಆ ಹೊತ್ತಿಗೆ ಹವೆ ಬದಲಾಗಿತ್ತು. ಅಮೆರಿಕದ ಸಂಸತ್ತಿನ ಕೆಳಮನೆಯ ಸಮಿತಿಯೊಂದು 1947ರಲ್ಲಿ ಹಾಲಿವುಡ್ಡಿನವರನ್ನು ಕರೆಸಿ, "ನೀವು ಈಗ ಕಮ್ಯುನಿಸ್ಟರೋ? ಹಿಂದೆ ಎಂದಾದರೂ ಆಗಿದ್ದಿರೋ?" ಎಂದು ಕೇಳತೊಡಗಿತು. ಉತ್ತರಿಸಲು ಒಪ್ಪದ ಹತ್ತು ಮಂದಿ ಕೊನೆಗೆ ಜೈಲಿಗೆ ಹೋದರು. ಸ್ಟುಡಿಯೋ ಮಾಲೀಕರೆಲ್ಲ ಸೇರಿ, ಇಂಥವರಿಗೆ ಕೆಲಸ ಕೊಡುವುದಿಲ್ಲವೆಂದು ಅದೇ ವರ್ಷ ನವೆಂಬರಿನಲ್ಲಿ ಹೇಳಿಕೆ ಹೊರಡಿಸಿದರು. ಬ್ಲ್ಯಾಕ್‌ಲಿಸ್ಟ್ ಎಂಬ ಕಪ್ಪುಪಟ್ಟಿ ಶುರುವಾದದ್ದು ಹಾಗೆ. ಅದರಿಂದ ಹೊರಬರುವ ದಾರಿಯೂ ಇತ್ತು: ಸಮಿತಿಯ ಮುಂದೆ ಕೂತು, ಪಶ್ಚಾತ್ತಾಪ ಪಟ್ಟು, ಬೇರೆಯವರ ಹೆಸರು ಹೇಳುವುದು. ತಮಾಷೆ ನೋಡಿ, ಹೆಸರುಗಳಲ್ಲಿ ಎಷ್ಟೋ ಸಮಿತಿಗೆ ಆಗಲೇ ಗೊತ್ತಿದ್ದವು! ಅವರಿಗೆ ಬೇಕಾದದ್ದು ಮಾಹಿತಿ ಅಲ್ಲ, ಸ್ನೇಹಿತನ ಬಾಯಿಂದ ಸ್ನೇಹಿತನ ಹೆಸರು ಹೊರಡುವುದು.

ಸ್ಟುಡಿಯೋ ಮುಖ್ಯಸ್ಥ ಡ್ಯಾರಿಲ್ ಝನಕ್ ಡಾಸಿನ್‌ನನ್ನು ಲಂಡನ್ನಿಗೆ ಸಾಗಹಾಕಿ 'ನೈಟ್ ಅಂಡ್ ದಿ ಸಿಟಿ' ಮಾಡಿಸಿದ. ದುಬಾರಿ ದೃಶ್ಯಗಳನ್ನು ಮೊದಲು ತೆಗೆದುಬಿಡು, ಆಗ ನಡುವೆ ನಿನ್ನನ್ನು ಕಿತ್ತುಹಾಕಲು ಕಂಪೆನಿ ಹಿಂದುಮುಂದು ನೋಡುತ್ತದೆ ಎಂದು ಝನಕ್ ಬುದ್ಧಿ ಹೇಳಿದ್ದನ್ನು ಡಾಸಿನ್ ಮುಂದೆ ನೆನೆಯುತ್ತಿದ್ದ. ಮುಂಗಡ ಸಾಲವೆಲ್ಲ ಮೊದಲೇ ಎತ್ತಿಕೊಂಡರೆ ಬ್ಯಾಂಕು ಪಾರ್ಟಿಯನ್ನು ಮುಳುಗಲು ಬಿಡುವುದಿಲ್ಲವಲ್ಲ, ಅದೇ ಲೆಕ್ಕ! ಆ ಚಿತ್ರ 1950ರಲ್ಲಿ ಬಂತು. 1951ರಲ್ಲಿ ಎಡ್ವರ್ಡ್ ಡಿಮಿಟ್ರಿಕ್, ಫ್ರಾಂಕ್ ಟಟ್ಲ್ ಎಂಬ ಇಬ್ಬರು ನಿರ್ದೇಶಕರು ಸಮಿತಿಯ ಮುಂದೆ ಹೇಳಿದ ಹೆಸರುಗಳಲ್ಲಿ ಡಾಸಿನ್‌ನದೂ ಇತ್ತು. ಡಿಮಿಟ್ರಿಕ್ ಮೊದಲು ಜೈಲಿಗೆ ಹೋದ ಹತ್ತು ಮಂದಿಯಲ್ಲಿ ಒಬ್ಬ. ಜೈಲಿನಿಂದ ಬಂದಮೇಲೆ ಮನಸ್ಸು ಬದಲಿಸಿದ್ದ.

ಡಾಸಿನ್ ಹೆಂಡತಿ-ಮಕ್ಕಳೊಂದಿಗೆ ಯುರೋಪಿಗೆ ಹೋದ. ಕಪ್ಪುಪಟ್ಟಿಯ ನೆರಳು ಸಮುದ್ರ ದಾಟಿ ಬಂತು. 1953ರಲ್ಲಿ ಹೆಸರಾಂತ ಹಾಸ್ಯನಟ ಫೆರ್ನಾಂಡೆಲ್‌ನ ಚಿತ್ರವೊಂದನ್ನು ಇನ್ನೇನು ಶುರು ಮಾಡಬೇಕು ಅನ್ನುವಾಗ, ಇವನು ನಿರ್ದೇಶಿಸಿದರೆ ಈ ಚಿತ್ರ ಅಮೆರಿಕದಲ್ಲಿ ಓಡದು ಎಂಬ ಒತ್ತಡ ಬಂದು, ಆ ಕೆಲಸ ಬೇರೊಬ್ಬನ ಪಾಲಾಯಿತು. ಭಾಷೆ ಸರಿಯಾಗಿ ಬಾರದ ಊರು, ಕೈಯಲ್ಲಿ ಕಾಸಿಲ್ಲ. 'ನೈಟ್ ಅಂಡ್ ದಿ ಸಿಟಿ'ಯ ನಂತರ ಸುಮಾರು ನಾಲ್ಕು ವರ್ಷ ಆತನಿಗೆ ಒಂದು ಸಿನಿಮಾವೂ ಇಲ್ಲ.

ಆಗ ಸಿಕ್ಕಿದ್ದು ಈ ಕಳ್ಳರ ಕಥೆ. 1953ರಲ್ಲಿ ಒಗ್ಯುಸ್ತ್ ಲ ಬ್ರೆತೋಂ ಬರೆದ ಕಾದಂಬರಿ. ಅದರ ತುಂಬ ಪ್ಯಾರಿಸ್ಸಿನ ಗಲ್ಲಿಗಳ ಮಾತು. ಡಾಸಿನ್‌ಗೆ ಅರ್ಥವೇ ಆಗದೆ ಬೇರೆಯವರಿಂದ ಓದಿಸಿ ಹೇಳಿಸಿಕೊಂಡನಂತೆ. ಅರ್ಥವಾದ ಮೇಲೆ ಅಸಹ್ಯವಾಯಿತು. ಕ್ರೌರ್ಯ ಒಂದು ಕಡೆ, ಜೊತೆಗೆ ಖಳರೆಲ್ಲ ಉತ್ತರ ಆಫ್ರಿಕಾದವರು. ಅಲ್ಜೀರಿಯದಲ್ಲಿ ಫ್ರಾನ್ಸಿನ ವಿರುದ್ಧ ಹೋರಾಟ ಹೊತ್ತಿಕೊಂಡದ್ದು 1954ರ ನವೆಂಬರಿನಲ್ಲಿ. ಅಂಥ ಹೊತ್ತಿನಲ್ಲಿ ಆ ಜನರನ್ನು ಖಳರನ್ನಾಗಿ ತೋರಿಸಲು ಡಾಸಿನ್ ಒಪ್ಪದೆ, ಅದನ್ನು ಬದಲಿಸಿದ. ಪುಸ್ತಕದಲ್ಲಿ ಕೆಲವೇ ಪುಟಗಳಿದ್ದ ಕನ್ನದ ಪ್ರಸಂಗವನ್ನು ಎಳೆದು ಇಡೀ ಚಿತ್ರದ ಕಾಲು ಭಾಗ ಮಾಡಿದ. ಮುಂದೆ ನಿರ್ದೇಶಕನಾದ ಫ್ರಾಂಸ್ವಾ ತ್ರುಫೋ ಆಗ ವಿಮರ್ಶಕ. ತಾನು ಓದಿದ ಅತಿ ಕೆಟ್ಟ ಪತ್ತೇದಾರಿ ಕಾದಂಬರಿಯಿಂದ ತಾನು ನೋಡಿದ ಅತ್ಯುತ್ತಮ ಅಪರಾಧ ಚಿತ್ರ ಹುಟ್ಟಿತು ಎಂಬರ್ಥದಲ್ಲಿ ಬರೆದ.

ಖರ್ಚಿಗೆ ಸುಮಾರು 2 ಲಕ್ಷ ಡಾಲರ್. ಹಾಲಿವುಡ್ಡಿನ ಲೆಕ್ಕದಲ್ಲಿ ಚಿಲ್ಲರೆ. ದೊಡ್ಡ ತಾರೆಯರಿಗೆ ದುಡ್ಡಿಲ್ಲದೆ, ಕುಡಿತದಿಂದ ಬೇಡಿಕೆ ಕುಸಿದಿದ್ದ ಜಾನ್ ಸರ್ವೇ ಎಂಬ ನಟನನ್ನು ನಾಯಕ ಟೋನಿಯ ಪಾತ್ರಕ್ಕೆ ಹಾಕಿಕೊಂಡರು. ಬತ್ತಿದ ಮುಖ, ಕೆಮ್ಮು, ಆಗತಾನೆ ಜೈಲಿನಿಂದ ಬಿಡುಗಡೆಯಾದವನ ಕಣ್ಣು. ಆ ಮುಖಕ್ಕೆ ಮೇಕಪ್ ಬೇಡ. ಹೊರಾಂಗಣ ದೃಶ್ಯಗಳನ್ನು ಬಿಸಿಲಿದ್ದ ದಿನ ತೆಗೆಯಲು ಡಾಸಿನ್ ಒಪ್ಪಲಿಲ್ಲ. ಹಾಗಾಗಿ ಚಿತ್ರದ ಪ್ಯಾರಿಸ್ ಟೂರಿಸ್ಟರ ಪ್ಯಾರಿಸ್ ಅಲ್ಲ. ಒದ್ದೆ ರಸ್ತೆ, ಬೂದು ಆಕಾಶ, ಬಾಯಿಂದ ಹೊಗೆಯಂತೆ ಹೊರಡುವ ಉಸಿರು.

ಈಗ ಆ ಕನ್ನಕ್ಕೆ ಬರೋಣ. ನಾಲ್ಕು ಜನ: ಟೋನಿ, ಜೋ, ಮಾರಿಯೊ, ಮತ್ತು ಇಟಲಿಯಿಂದ ಕರೆಸಿದ ತಿಜೋರಿ ತಜ್ಞ ಸೆಜಾರ್. ಪ್ಯಾರಿಸ್ಸಿನ ರೂ ದ ಲಾ ಪೇ ಬೀದಿಯ ಆಭರಣದ ಅಂಗಡಿ. ಅಲ್ಲಿರುವಂಥದೇ ಅಲಾರಂ ತಂದು ಮನೆಯಲ್ಲಿಟ್ಟು, ಅದು ಯಾವ ಸದ್ದಿಗೆ ಕೂಗುತ್ತದೆ, ಅದರ ಬಾಯಿ ಹೇಗೆ ಮುಚ್ಚಿಸಬೇಕು ಎಂದು ಪರೀಕ್ಷೆ ಮಾಡುತ್ತಾರೆ. ಬೆಂಕಿ ಆರಿಸುವ ನೊರೆಯನ್ನು ಅದರೊಳಗೆ ತುಂಬಿದರೆ ಗಪ್‌ಚಿಪ್. ರಾತ್ರಿ ಅಂಗಡಿಯ ಮೇಲಿನ ಮನೆಗೆ ನುಗ್ಗಿ, ನೆಲದಲ್ಲಿ ಸಣ್ಣ ತೂತು ಕೊರೆದು, ಅದರೊಳಗಿಂದ ಮಡಚಿದ ಛತ್ರಿ ಇಳಿಸಿ ಕೆಳಗೆ ಬಿಚ್ಚುತ್ತಾರೆ. ತೂತು ದೊಡ್ಡದು ಮಾಡುವಾಗ ಬೀಳುವ ಗಾರೆ ನೆಲಕ್ಕೆ ಬಡಿದು ಸದ್ದಾಗದೆ ಛತ್ರಿಯೊಳಗೆ ಬೀಳುತ್ತದೆ. ಆಮೇಲೆ ಹಗ್ಗ, ಆಮೇಲೆ ತಿಜೋರಿಯ ಬೆನ್ನು ಕೊರೆಯುವ ಯಂತ್ರ.

ಸುಮಾರು ಅರ್ಧ ಗಂಟೆ. ಒಂದು ಮಾತಿಲ್ಲ, ಸಂಗೀತವಿಲ್ಲ.

ಸಂಗೀತ ನಿರ್ದೇಶಕ ಜಾರ್ಜ್ ಒರಿಕ್ ಫ್ರಾನ್ಸಿನ ದೊಡ್ಡ ಹೆಸರು. ಈ ದೃಶ್ಯಕ್ಕೆ ಭರ್ಜರಿ ಸಂಗೀತ ಕೊಡುತ್ತೇನೆ ಎಂದು ಬರೆದೇಬಿಟ್ಟ. ಡಾಸಿನ್ ದೃಶ್ಯವನ್ನು ಸಂಗೀತದೊಂದಿಗೆ ಒಮ್ಮೆ, ಇಲ್ಲದೆ ಒಮ್ಮೆ ತೋರಿಸಿದ. ನೋಡಿ ಮುಗಿದಮೇಲೆ ಸಂಗೀತ ತೆಗೆದುಬಿಡಿ ಎಂದವನು ಒರಿಕ್ಕೇ! ತಾನು ಮಾಡಿದ ಕೆಲಸವನ್ನು ತಾನೇ ಬೇಡವೆನ್ನುವ ದೊಡ್ಡತನ ನಮ್ಮ ಎಷ್ಟು ಜನರಿಗಿದೆ ಹೇಳಿ?

ಈ ಸಿನಿಮಾವನ್ನು ನಾನು ಮೊದಲು ನೋಡಿದ್ದು ಇಪ್ಪತ್ತು ವರ್ಷದ ಕೆಳಗೆ, ಡೊಂಬಿವಲಿಯ ನಮ್ಮ ಹಳೇ ಫ್ಲ್ಯಾಟಿನಲ್ಲಿ. ಯಾರಿಂದಲೋ ಯಾರಿಗೋ ಕೈ ದಾಟಿ ಬಂದ ಕಾಪಿ. ಚಿತ್ರದ ಮೇಲೆಲ್ಲ ಗೀರು, ಮುಖಗಳು ಸುಣ್ಣ ಬಳಿದಂತೆ. ಮಾತಿರುವ ಕಡೆ ಹೇಗೋ ನಡೆಯಿತು. ಆದರೆ ಆ ಅರ್ಧ ಗಂಟೆ ಬಂದಾಗ ಟಿವಿಯಿಂದ ಹಪ್ಪಳ ಕರಿದಂಥ ಸದ್ದು, ಮೊದಲಿಂದ ಕೊನೆಯವರೆಗೆ. ಅಡುಗೆಮನೆಯಿಂದ ನಮ್ಮವಳು "ಏನ್ರೀ, ಕೇಬಲ್ ಹೋಯ್ತಾ?" ಎಂದು ಕೇಳಿದಳು. ಜಗತ್ತಿನ ಹೆಸರಾಂತ ಮೌನ ನಮ್ಮ ಮನೆಗೆ ಬಂದದ್ದು ಹೀಗೆ.

ಈಗ ಬಂದ ಡಿಸ್ಕ್ ಅಮೆರಿಕದ ಕ್ರೈಟೀರಿಯನ್ ಸಂಸ್ಥೆಯದು. ಅವರು 2001ರಲ್ಲೇ ಡಿವಿಡಿ ತಂದಿದ್ದರು. 2014ರ ಜನವರಿಯಲ್ಲಿ 2ಕೆ ಡಿಜಿಟಲ್ ಪುನಶ್ಚೇತನ ಮಾಡಿದ ಬ್ಲೂ-ರೇ ಬಂತು. ತಮಾಷೆಯೆಂದರೆ ಬ್ಲೂ-ರೇಯವರು ಭೂಮಿಯನ್ನು ಎ, ಬಿ, ಸಿ ಎಂದು ಮೂರು ಪಾಲು ಹಂಚಿದ್ದಾರೆ. ಅಮೆರಿಕ ಎ, ಭಾರತ ಸಿ. ನಮ್ಮ ಮನೆಯ ಪ್ಲೇಯರ್ ಡಿಸ್ಕನ್ನು ಬಾಯಿಗೆ ತೆಗೆದುಕೊಂಡು, ರುಚಿ ನೋಡಿ, ಹೊರಗೆ ಉಗುಳಿತು. ಕೊನೆಗೆ ಮಗ ಕಂಪ್ಯೂಟರಿಗೆ ಅದೇನೋ ಡ್ರೈವ್ ಜೋಡಿಸಿ, ಟಿವಿಗೆ ವೈರು ಎಳೆದು ದಾರಿ ಮಾಡಿಕೊಟ್ಟ.

ಪುನಶ್ಚೇತನ ಅಂದರೆ ಏನು? ಬಿ.ಕಾಂ. ಓದಿದವನಿಗೆ ತಿಳಿದಷ್ಟು ಹೇಳುತ್ತೇನೆ. ಸಿನಿಮಾ ಸೆಕೆಂಡಿಗೆ 24 ಚಿತ್ರಗಳಂತೆ ಓಡುತ್ತದೆ. ಈ ಚಿತ್ರದ ಅವಧಿ 118 ನಿಮಿಷ. ಗುಣಿಸಿ ನೋಡಿದರೆ ಸುಮಾರು 1 ಲಕ್ಷ 70 ಸಾವಿರ ಚಿತ್ರಗಳು! ಹಳೆಯ ಫಿಲ್ಮನ್ನು ಒಂದೊಂದೇ ಚೌಕಟ್ಟಿನಂತೆ ಸ್ಕ್ಯಾನ್ ಮಾಡಿ, ಗೀರು, ಧೂಳು, ಕಲೆ, ನಡುಕ ಎಲ್ಲ ತೆಗೆಯಬೇಕು. ಹಾಗಂತ ಉಜ್ಜಿ ಉಜ್ಜಿ ಹೊಸದರಂತೆ ಮಾಡಿಬಿಟ್ಟರೆ ಫಿಲ್ಮಿನ ಕಣಗಳೇ ಮಾಯವಾಗಿ ಮುಖಗಳು ಪ್ಲಾಸ್ಟಿಕ್ಕಿನಂತಾಗುತ್ತವೆ. ಅಜ್ಜಿಯ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಾಕಿ ಬೆಳಗುವುದಕ್ಕೂ ಪಾಲಿಶ್ ಅಂಗಡಿಗೆ ಕೊಟ್ಟು ಮೇಲೆ ಕೆತ್ತಿದ ಹೆಸರನ್ನೇ ಸವೆಸಿಕೊಂಡು ಬರುವುದಕ್ಕೂ ಇರುವ ವ್ಯತ್ಯಾಸ ಇದು. ಸದ್ದಿನದೂ ಹಾಗೇ. ಕರಕರ ತೆಗೆಯಬೇಕು, ಆದರೆ ಅದರ ಜೊತೆ ಉಸಿರನ್ನು ತೆಗೆಯಬಾರದು.

ಈ ಸಲ ಆ ಅರ್ಧ ಗಂಟೆ ಬಂದಾಗ ಫ್ಯಾನು ಆರಿಸಿ ಕೂತೆ. ಕೇಳಿಸಿತು! ಬಟ್ಟೆ ಸುತ್ತಿದ ಉಳಿಯ ಮೇಲೆ ಬೀಳುವ ಮೆತ್ತನೆಯ ಪೆಟ್ಟು. ಛತ್ರಿಗೆ ಉದುರುವ ಗಾರೆಯ ಚೂರು. ಒಬ್ಬನ ಕೈ ಅಕಸ್ಮಾತ್ ಪಿಯಾನೋಗೆ ತಾಗಿ ಹೊರಟ ಒಂದೇ ಒಂದು ಸ್ವರ. ಎಲ್ಲರೂ ಕಲ್ಲಾಗಿ ನಿಲ್ಲುತ್ತಾರೆ. ಮೌನ ಅಂದರೆ ಸದ್ದಿಲ್ಲದಿರುವುದಲ್ಲ, ಸಣ್ಣ ಸದ್ದೂ ಕೇಳುವಂತಿರುವುದು ಎಂದು ಆಗ ತಿಳಿಯಿತು. ಆ ಮೌನದೊಳಗೆ ನಾಲ್ವರ ನಡುವಿನ ನಂಬಿಕೆಯೂ ಕಾಣುತ್ತದೆ. ಒಬ್ಬ ಕೈ ಚಾಚುವ ಮುಂಚೆ ಇನ್ನೊಬ್ಬ ಉಪಕರಣ ಕೊಟ್ಟಿರುತ್ತಾನೆ. ಸ್ಟ್ರಾಂಗ್‌ರೂಮಿಗೆ ಎರಡು ಬೀಗ, ಎರಡು ಕೈ, ಇಬ್ಬರು ಅಧಿಕಾರಿಗಳು. ಒಬ್ಬನಿಲ್ಲದೆ ಇನ್ನೊಬ್ಬ ತೆರೆಯುವಂತಿಲ್ಲ. ದಿನಾ ಬೆಳಿಗ್ಗೆ ಮಾತಿಲ್ಲದೆ ಜೊತೆಯಾಗಿ ಬೀಗ ತಿರುಗಿಸಿದವರಿಗೆ ಈ ನಂಬಿಕೆ ಚೆನ್ನಾಗಿ ಗೊತ್ತು. ಕಳ್ಳರಿಗೂ ಅದೇ ಬೇಕು, ಕಾಯುವವರಿಗೂ ಅದೇ ಬೇಕು.

ಆ ನಂಬಿಕೆ ಮುರಿಯುವುದು ಒಂದು ಉಂಗುರದಿಂದ. ಸೆಜಾರ್ ಶೋಕಿಯವನು. ಕದ್ದ ಒಡವೆಯಲ್ಲಿ ಒಂದು ಉಂಗುರವನ್ನು ತಾನು ಮೆಚ್ಚಿದ ನೈಟ್‌ಕ್ಲಬ್ ಗಾಯಕಿಗೆ ಕೊಡುತ್ತಾನೆ. ಸುಳಿವು ಕ್ಲಬ್ಬಿನ ಮಾಲೀಕನಿಗೆ, ಅಂದರೆ ಎದುರಾಳಿ ಗುಂಪಿಗೆ ಸಿಗುತ್ತದೆ. ಅವರು ಸೆಜಾರ್‌ನನ್ನು ಹಿಡಿದು ಹೆದರಿಸುತ್ತಾರೆ. ಅವನು ಹೆಸರು ಹೇಳುತ್ತಾನೆ. ಮಾರಿಯೊ ಮತ್ತು ಅವನ ಹೆಂಡತಿ ಇಬ್ಬರೂ ಹೆಣವಾಗುತ್ತಾರೆ.

ಟೋನಿ ಬಂದು ನೋಡಿದರೆ ಸೆಜಾರ್‌ನನ್ನು ಕ್ಲಬ್ಬಿನೊಳಗೆ ಕಂಬಕ್ಕೆ ಕಟ್ಟಿಹಾಕಿದ್ದಾರೆ. ಸೆಜಾರ್ ಅಡಗಿಸುವುದಿಲ್ಲ, ಹೆದರಿಬಿಟ್ಟೆ ಎನ್ನುತ್ತಾನೆ. ನಿನ್ನ ಮೇಲೆ ನನಗೆ ಪ್ರೀತಿಯಿತ್ತು, ಆದರೆ ನಮ್ಮ ನಿಯಮ ನಿನಗೆ ಗೊತ್ತು ಎಂಬಂಥ ಮಾತನ್ನು ಟೋನಿ ಆಡುತ್ತಾನೆ. ಸೆಜಾರ್ ತಲೆಯಾಡಿಸುತ್ತಾನೆ. ಗುಂಡು ಹಾರುತ್ತದೆ.

ಚಿತ್ರದ ಆರಂಭದ ಪಟ್ಟಿಯಲ್ಲಿ ಸೆಜಾರ್‌ನ ಪಾತ್ರಧಾರಿಯ ಹೆಸರು ಪೆರ್ಲೊ ವೀಟಾ. ಅಂಥ ಹೆಸರಿನ ನಟ ಯಾರೂ ಇಲ್ಲ. ಆ ಪಾತ್ರಕ್ಕೆ ಗೊತ್ತುಮಾಡಿದ್ದ ನಟ ಬಾರದೇ ಹೋದಾಗ ಸುಳ್ಳು ಹೆಸರಿಟ್ಟುಕೊಂಡು ಅದನ್ನು ಮಾಡಿದವನು ಜೂಲ್ಸ್ ಡಾಸಿನ್!

ಯೋಚಿಸಿ ನೋಡಿ. ಯಾರೋ ತನ್ನ ಹೆಸರು ಹೇಳಿದ್ದರಿಂದ ದೇಶ, ಕೆಲಸ ಎಲ್ಲ ಕಳೆದುಕೊಂಡ ಮನುಷ್ಯ, ಮತ್ತೆ ಸಿನಿಮಾ ಮಾಡುವ ಅವಕಾಶ ಸಿಕ್ಕಾಗ, ಹೆಸರು ಹೇಳಿದವನ ಪಾತ್ರ ತಾನೇ ಹಾಕಿಕೊಂಡು, ಕಂಬಕ್ಕೆ ಕಟ್ಟಿಸಿಕೊಂಡು, ಗುಂಡು ತಿಂದ. ಆ ದೃಶ್ಯ ತೆಗೆಯುವಾಗ ತನಗೆ ದ್ರೋಹ ಮಾಡಿದ ಸ್ನೇಹಿತರೇ ಮನಸ್ಸಿನಲ್ಲಿದ್ದರು ಎಂದು ಮುಂದೆ ಹೇಳಿಕೊಂಡಿದ್ದಾನೆ. ಸೇಡು ಅಂತಲೇ ಹೇಳಬಹುದಿತ್ತು. ಆದರೆ ಬರೀ ಸೇಡಾಗಿದ್ದರೆ ಸೆಜಾರ್‌ನನ್ನು ಅಸಹ್ಯ ಹುಟ್ಟುವಂತೆ ತೋರಿಸಬಹುದಿತ್ತು. ಡಾಸಿನ್ ಹಾಗೆ ಮಾಡಲಿಲ್ಲ. ಅವನ ಸೆಜಾರ್ ಚೆಲುವ, ನಗುಮುಖದವನು, ಕೆಲಸದಲ್ಲಿ ನಿಪುಣ, ಹೆಣ್ಣೊಬ್ಬಳನ್ನು ಮೆಚ್ಚಿದವನು. ಹೆದರಿದ, ಅಷ್ಟೆ. ನಮ್ಮ ನಿಮ್ಮ ಹಾಗೆ.

ನಮ್ಮ ನಿಮ್ಮ ಹಾಗೆ ಅಂದದ್ದು ಮಾತಿಗಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಬ್ರಾಂಚಿನಲ್ಲಿ ಕ್ಯಾಶ್ ಕಡಿಮೆ ಬಂದು ವಿಚಾರಣೆ ನಡೆಯಿತು. ಹಿರಿಯ ಕ್ಯಾಶಿಯರ್ ಒಬ್ಬರ ಮೇಲೆ ಅನುಮಾನ. ನಾನು ಏನನ್ನೂ ಕಂಡಿರಲಿಲ್ಲ. "ಅವರು ಸಾಲದಲ್ಲಿದ್ದರು ಎಂದು ಕೇಳಿದ್ದೇನೆ" ಎಂದು ಬರೆದುಕೊಡಲು ಹೇಳಿದರು. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಬರೆದುಕೊಟ್ಟೆ. ಮುಂದೆ ಅವರ ತಪ್ಪಿಲ್ಲವೆಂದು ತೀರ್ಮಾನವಾಯಿತು. ನನಗೆ ಕೆಲಸ ಕಲಿಸಿದವರು ಅವರು, ಮಧ್ಯಾಹ್ನ ಡಬ್ಬಿ ಹಂಚಿಕೊಳ್ಳುತ್ತಿದ್ದವರು. ಆಮೇಲೆ ಒಂದೇ ಹಾಲಿನಲ್ಲಿ ಮೂರು ವರ್ಷ ಕೂತೆವು. ಒಂದು ಕೆಟ್ಟ ಮಾತೂ ಆಡಲಿಲ್ಲ ಪುಣ್ಯಾತ್ಮ. ಡಬ್ಬಿ ಮಾತ್ರ ಬೇರೆ ಕಡೆ ತೆಗೆದುಕೊಂಡು ಹೋದರು. ಸೆಜಾರ್ ತಲೆಯಾಡಿಸುವ ದೃಶ್ಯ ಬಂದಾಗ ನಾನು ಯಾವ ಕಡೆ ಇರುತ್ತೇನೆ ಅಂತ ನೀವೇ ಊಹಿಸಿ.

ಮತ್ತೆ ಇತಿಹಾಸಕ್ಕೆ ಬರೋಣ. 1955ರ ಕಾನ್ ಉತ್ಸವದಲ್ಲಿ ಡಾಸಿನ್‌ಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂತು, ಇನ್ನೊಬ್ಬನ ಜೊತೆ ಹಂಚಿಕೆಯಲ್ಲಿ. ಅಮೆರಿಕದವನು ಗೆದ್ದದ್ದು ಫ್ರಾನ್ಸಿನ ಪರವಾಗಿ! ಮುಂದೆ ಹೆಂಡತಿಯಾದ ಗ್ರೀಕ್ ನಟಿ ಮೆಲಿನಾ ಮೆರ್ಕುರಿ ಪರಿಚಯವಾದದ್ದೂ ಅಲ್ಲೇ. ಕನ್ನದ ವಿಧಾನ ತೀರಾ ನಿಖರವಾಗಿದೆ ಎಂದು ಹೆದರಿದ ದೇಶಗಳೂ ಇದ್ದವು. ಕಳ್ಳರು ಇದನ್ನೇ ನೋಡಿ ಕಲಿಯುತ್ತಿದ್ದಾರೆಂದು ಮೆಕ್ಸಿಕೊ ಸರ್ಕಾರ ನಿಷೇಧಿಸಿತು.

ಅಮೆರಿಕದಲ್ಲಿ ಬಿಡುಗಡೆಯ ಪ್ರಶ್ನೆ ಬಂದಾಗ ಷರತ್ತು ಹಾಕಿದರು: ಹಿಂದಿನದಕ್ಕೆಲ್ಲ ಪಶ್ಚಾತ್ತಾಪ ಪತ್ರ ಬರೆದುಕೊಡು, ಇಲ್ಲವೇ ಚಿತ್ರದಿಂದ ನಿನ್ನ ಹೆಸರು ತೆಗೆ. ಆತ ಎರಡಕ್ಕೂ ಒಪ್ಪಲಿಲ್ಲ. ಹೆಸರು ಹಾಗೇ ಇಟ್ಟುಕೊಂಡೇ 1956ರಲ್ಲಿ ಚಿತ್ರ ಅಲ್ಲಿ ತೆರೆ ಕಂಡಿತು. ಕಪ್ಪುಪಟ್ಟಿಯ ಗೋಡೆಯಲ್ಲಿ ಕೊರೆದ ಮೊದಮೊದಲ ತೂತುಗಳಲ್ಲಿ ಇದೂ ಒಂದು. ಛತ್ರಿ ಹಿಡಿಯುವವರು ಮಾತ್ರ ಕೆಳಗೆ ಯಾರೂ ಇರಲಿಲ್ಲ!

ಹೆಸರು ಅಳಿಸುವ ಈ ಪದ್ಧತಿಗೆ ನಮ್ಮಲ್ಲಿ ಒಂದು ಶಬ್ದವಿದೆ. ಘಟಶ್ರಾದ್ಧ. ಬದುಕಿರುವವರನ್ನು ಸತ್ತರೆಂದು ಸಾರಿ, ಗಡಿಗೆ ಒಡೆದು, ಸಮುದಾಯದಿಂದ ಹೊರಹಾಕುವುದು. ಅನಂತಮೂರ್ತಿಯವರ ಕಥೆಯನ್ನು ಗಿರೀಶ ಕಾಸರವಳ್ಳಿಯವರು 1977ರಲ್ಲಿ ಸಿನಿಮಾ ಮಾಡಿದರು, ಸ್ವರ್ಣಕಮಲವೂ ಬಂತು. ಹಾಲಿವುಡ್ ಮಾಡಿದ್ದೂ ಅದನ್ನೇ: ಮಂತ್ರ ಬೇರೆ, ಪುರೋಹಿತರು ಬೇರೆ. ನಮ್ಮ 'ಘಟಶ್ರಾದ್ಧ'ಕ್ಕೂ ಈಗ ಪುನಶ್ಚೇತನವಾಗಿದೆ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ವಿದೇಶದ ಸಂಸ್ಥೆಗಳ ಜೊತೆ ಸೇರಿ ಮಾಡಿದ ಕೆಲಸ. 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಕಲೆ ಒರೆಸಿ, ಗೀರು ತೆಗೆದು, ಯಮುನಕ್ಕನ ಮುಖವನ್ನು ಮತ್ತೆ ಬೆಳಕಿಗೆ ತಂದಿದ್ದಾರೆ. ಶ್ರಾದ್ಧ ಮಾಡಿದವರು ಯಾರೆಂದು ಯಾರಿಗೂ ನೆನಪಿರುವುದಿಲ್ಲ. ಮಾಡಿಸಿಕೊಂಡವರ ಮುಖ ಉಳಿಯುತ್ತದೆ, ಯಾರಾದರೂ ಒಂದೊಂದೇ ಚೌಕಟ್ಟು ಕೂತು ಒರೆಸಿದರೆ.

ಡಾಸಿನ್ 2008ರ ಮಾರ್ಚ್ 31ರಂದು ಅಥೆನ್ಸ್‌ನಲ್ಲಿ ತೀರಿಕೊಂಡ, 96ನೇ ವಯಸ್ಸಿನಲ್ಲಿ. ಡಿಸ್ಕಿನಲ್ಲಿ ಆತನ ಸಂದರ್ಶನವೂ ಇದೆ, 2000ದಲ್ಲಿ ತೆಗೆದದ್ದು. ತೊಂಬತ್ತರ ಹತ್ತಿರದ ಮುದುಕ, ನಗುತ್ತಾ ಮಾತಾಡುತ್ತಾನೆ. ಅವನ ದೇಶ ಯಾವ ಹೆಸರನ್ನು ತೆಗೆಯಲು ಹೇಳಿತೋ, ಅದೇ ದೇಶದ ಕಂಪೆನಿ ಆ ಹೆಸರನ್ನು ಡಬ್ಬಿಯ ಮೇಲೆ ಅಚ್ಚು ಹಾಕಿ ಮಾರುತ್ತಿದೆ.

ಸಿನಿಮಾ ಮುಗಿದಮೇಲೆ ಫ್ಯಾನು ಹಾಕಲು ಮರೆತು ಸುಮಾರು ಹೊತ್ತು ಕೂತಿದ್ದೆ. ನಮ್ಮವಳು ಬಂದು, "ಇವತ್ತು ಕೇಬಲ್ ಸರಿಯಾಗಿತ್ತಲ್ಲ, ಮತ್ಯಾಕೆ ಹೀಗೆ ಕೂತಿದ್ದೀರಿ?" ಅಂದಳು. ಆ ಕ್ಯಾಶಿಯರ್ ಈಗ ಎಲ್ಲಿದ್ದಾರೋ ವಿಚಾರಿಸಬೇಕು ಅಂದೆ. ಪೆನ್ಶನ್ ವಿಭಾಗದ ಗೆಳೆಯರೊಬ್ಬರಿಗೆ ನಾಳೆ ಫೋನ್ ಮಾಡುವವನಿದ್ದೇನೆ.